ಓದುಗರ ಪ್ರಶ್ನೆ, ಎಂಜಿನಿಯರರ ಉತ್ತರ: ಒಂದು ಲೈನ್ ಟ್ರಿಪ್ ಆದರೆ ಅರ್ಧ ದೇಶ ಕತ್ತಲಾಗುವುದೇಕೆ?

ವಿದ್ಯುತ್ ಜಾಲ, ಅಣೆಕಟ್ಟು, ಕಂಪ್ಯೂಟರ್ ವ್ಯವಸ್ಥೆಗಳಂಥ ದೊಡ್ಡ ಯಂತ್ರಜಾಲಗಳನ್ನು ದಿನನಿತ್ಯ ನಡೆಸುವಾಗ ಎದುರಾಗುವ ಅಪಾಯಗಳ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ವಿದ್ಯುತ್ ಸ್ವೀಕರಣಾ ಕೇಂದ್ರಗಳ, ಅಂದರೆ ದೊಡ್ಡ ಲೈನ್‌ಗಳಿಂದ ವಿದ್ಯುತ್ ಪಡೆದು ಊರುಗಳಿಗೆ ಹಂಚುವ ಸ್ಟೇಷನ್‌ಗಳ, ಪಾಳಿಯಲ್ಲಿ ವರ್ಷಗಳನ್ನು ಕಳೆದವನಾದ್ದರಿಂದ ಉತ್ತರಗಳು ವಿದ್ಯುತ್ತಿನ ಕಡೆಗೇ ವಾಲಿದರೆ ಓದುಗರು ಮನ್ನಿಸಬೇಕು.

ಪ್ರಶ್ನೆ: 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತದ ಕರೆಂಟ್ ಎರಡು ದಿನ ಹೋದಾಗ ನಾನು ದೆಹಲಿಯಲ್ಲಿ ಮಗಳ ಮನೆಯಲ್ಲಿದ್ದೆ. ಮೆಟ್ರೊ ನಡುದಾರಿಯಲ್ಲೇ ನಿಂತಿತ್ತು. ಎಲ್ಲೋ ಒಂದು ಲೈನ್ ಕೈಕೊಟ್ಟಿತೆಂದು ಪತ್ರಿಕೆಗಳು ಬರೆದವು. ಒಂದು ಲೈನ್ ಹೋದ ಮಾತ್ರಕ್ಕೆ ಅಷ್ಟು ದೊಡ್ಡ ಜಾಲ ಕುಸಿಯುತ್ತದೆಯೇ? ತಪ್ಪು ಯಾರದು?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಮಧ್ಯಪ್ರದೇಶದ ಬೀನಾ ಮತ್ತು ಗ್ವಾಲಿಯರ್ ನಡುವಿನ 400 ಕೆ.ವಿ. (ಕಿಲೋವೋಲ್ಟ್) ಲೈನ್ ಟ್ರಿಪ್ ಆಯಿತು, ಅಂದರೆ ತಾನಾಗಿ ಕಡಿತಗೊಂಡಿತು ಎಂಬುದು ನಿಜ. ಆದರೆ ಆ ಲೈನಿಗೆ ಏನೂ ಆಗಿರಲಿಲ್ಲ. ತಂತಿ ತುಂಡಾಗಿರಲಿಲ್ಲ, ಮರ ಬಿದ್ದಿರಲಿಲ್ಲ, ಎಲ್ಲಿಯೂ ಶಾರ್ಟ್ ಆಗಿರಲಿಲ್ಲ. ಅದನ್ನು ಕಾಯುತ್ತಿದ್ದ ರಿಲೇ ಎಂಬ ಉಪಕರಣ ತನಗೆ ಹೇಳಿಕೊಟ್ಟ ಪಾಠವನ್ನು ಚಾಚೂ ತಪ್ಪದೆ ಪಾಲಿಸಿತು. ಈ ರಿಲೇ ಲೈನಿನ ವೋಲ್ಟೇಜನ್ನು ಅದರಲ್ಲಿ ಹರಿಯುವ ಕರೆಂಟಿನಿಂದ ಭಾಗಿಸಿ, ಬಂದ ಸಂಖ್ಯೆ ಸಣ್ಣದಾಗಿದ್ದರೆ ದೋಷ ಹತ್ತಿರದಲ್ಲಿದೆ, ಸ್ವಲ್ಪ ದೊಡ್ಡದಾಗಿದ್ದರೆ ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅತಿ ದೂರದ ದೋಷಗಳಿಗೆಂದು ಗೊತ್ತುಮಾಡಿದ ವಲಯವನ್ನು ಮೂರನೆಯ ಜೋನ್ ಎನ್ನುತ್ತಾರೆ. ಆ ರಾತ್ರಿ ಲೈನ್ ಮೇಲೆ ಹೊರೆ ಎಷ್ಟು ಏರಿತ್ತೆಂದರೆ, ಕರೆಂಟ್ ಹೆಚ್ಚಿ ವೋಲ್ಟೇಜ್ ಕುಗ್ಗಿ, ಭಾಗಿಸಿದ ಸಂಖ್ಯೆ ಆ ಮೂರನೆಯ ಜೋನಿನೊಳಗೆ ಬಂದು ಬಿದ್ದಿತು. ಬರೀ ಹೊರೆಯನ್ನು ರಿಲೇ ದೋಷವೆಂದು ಓದಿತು, ಬ್ರೇಕರ್ ಎಂಬ ದೊಡ್ಡ ಸ್ವಿಚ್ಚನ್ನು ತೆರೆದು ಲೈನನ್ನು ಕಡಿಯಿತು.

ಹೊರೆ ಏಕೆ ಏರಿತ್ತು? ಆ ದಾರಿಯ ಜೋಡಿ ಲೈನನ್ನು 765 ಕೆ.ವಿ.ಗೆ ಏರಿಸುವ ಕೆಲಸಕ್ಕಾಗಿ ಮೊದಲೇ ಸ್ಥಗಿತಗೊಳಿಸಲಾಗಿತ್ತು. ಸುತ್ತಮುತ್ತಲ ಇನ್ನೂ ಕೆಲವು ಲೈನ್‌ಗಳು ಒಂದಲ್ಲ ಒಂದು ಕಾರಣಕ್ಕೆ ಬಂದ್ ಆಗಿದ್ದವು. ಮಳೆ ಕೈಕೊಟ್ಟಿದ್ದರಿಂದ ಉತ್ತರದಲ್ಲಿ ಪಂಪ್‌ಸೆಟ್‌ಗಳೂ ಫ್ಯಾನುಗಳೂ ಬಿಡುವಿಲ್ಲದೆ ಓಡುತ್ತಿದ್ದವು. ಅಲ್ಲಿನ ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು, ಪಶ್ಚಿಮದ ರಾಜ್ಯಗಳು ತಮ್ಮ ಪಾಲಿಗಿಂತ ಕಡಿಮೆ ಎಳೆಯುತ್ತಿದ್ದವು. ಹೀಗಾಗಿ ಪಶ್ಚಿಮದಿಂದ ಉತ್ತರಕ್ಕೆ ಹರಿಯಬೇಕಾದ ವಿದ್ಯುತ್ತೆಲ್ಲ ಒಂದೇ ಕಿರುದಾರಿಗೆ ಬಂದು ನಿಂತಿತ್ತು. ಇಷ್ಟಾದರೂ ಆವರ್ತನ (ಬೇಡಿಕೆ ಉತ್ಪಾದನೆಯನ್ನು ಮೀರಿದರೆ 50 ಹರ್ಟ್ಸ್‌ಗಿಂತ ಕೆಳಗಿಳಿಯುವ ಅಳತೆ) ತೋರಿಸುವ ಮುಳ್ಳು 49.68 ಹರ್ಟ್ಸ್‌ನಲ್ಲಿತ್ತು, ಅಂದರೆ ಅಂದಿನ ನಿಯಮ ಒಪ್ಪಿದ ಮಿತಿಯೊಳಗೇ ಇತ್ತು. ಮುಳ್ಳನ್ನಷ್ಟೇ ನೋಡುವವನಿಗೆ ಅದು ಸಾಧಾರಣ ರಾತ್ರಿ.

ಆ ಲೈನ್ ಕಡಿದ ಕೂಡಲೇ ವಿದ್ಯುತ್ತು, ಒಂದು ತೂಬು ಮುಚ್ಚಿದರೆ ನೀರು ಮತ್ತೊಂದಕ್ಕೆ ನುಗ್ಗುವ ಹಾಗೆ, ಪೂರ್ವದ ರಾಜ್ಯಗಳನ್ನು ಬಳಸಿಕೊಂಡು ಉದ್ದನೆಯ ಸುತ್ತುದಾರಿ ಹಿಡಿಯಿತು. ಆ ದಾರಿಯ ಲೈನ್‌ಗಳು ಓಲಾಟ ತಾಳಲಾರದೆ ಒಂದರ ಹಿಂದೆ ಒಂದು ಟ್ರಿಪ್ ಆಗಿ, ಕೆಲವೇ ಸೆಕೆಂಡುಗಳಲ್ಲಿ ಉತ್ತರದ ಜಾಲ ಒಂಟಿಯಾಯಿತು. ಆವರ್ತನ ಕುಸಿದಾಗ ತಾನಾಗಿಯೇ ಕೆಲವು ಫೀಡರ್‌ಗಳನ್ನು (ಊರುಗಳಿಗೆ ವಿದ್ಯುತ್ ಒಯ್ಯುವ ಲೈನ್‌ಗಳನ್ನು) ಕಡಿದು ಉಳಿದವನ್ನು ಕಾಪಾಡಬೇಕಾದ ರಿಲೇಗಳು ಕಾಗದದ ಮೇಲೆ ಇದ್ದಷ್ಟು ಹೊರೆಯನ್ನು ನಿಜದಲ್ಲಿ ಇಳಿಸಲಿಲ್ಲ. ಸುಮಾರು 36,000 ಮೆಗಾವಾಟ್ ಹೊರೆ ಕತ್ತಲಾಯಿತು. ಮರುದಿನ ಮಧ್ಯಾಹ್ನ 1 ಗಂಟೆಗೆ ಅದೇ ಭಾಗದಿಂದ, ಅದೇ ಬಗೆಯಲ್ಲಿ ಮತ್ತೆ ಶುರುವಾಗಿ, ಈ ಬಾರಿ ಪೂರ್ವ ಮತ್ತು ಈಶಾನ್ಯ ಜಾಲಗಳನ್ನೂ ಎಳೆದುಕೊಂಡು ಸುಮಾರು 48,000 ಮೆಗಾವಾಟ್ ಹೋಯಿತು. 60 ಕೋಟಿ ಜನ ವಾಸಿಸುವ ಪ್ರದೇಶವದು. ನೀವು ಕಂಡ ಮೆಟ್ರೊ ನಿಂತದ್ದಷ್ಟೇ ಅಲ್ಲ, ಪಶ್ಚಿಮ ಬಂಗಾಳದಲ್ಲಿ ಗಣಿ ಕಾರ್ಮಿಕರು ಲಿಫ್ಟ್ ಇಲ್ಲದೆ ನೆಲದಡಿಯಲ್ಲೇ ಸಿಕ್ಕಿಕೊಂಡಿದ್ದರು.

ತಪ್ಪು ಯಾರದು ಎಂದು ಕೇಳಿದ್ದೀರಿ. ಜಾಲದಿಂದ ಯಾವುದಾದರೂ ಒಂದು ಲೈನ್ ಅಥವಾ ಒಂದು ಜನರೇಟರ್ ಹಠಾತ್ತನೆ ಹೋದರೂ ಉಳಿದವು ತಾಳಿಕೊಳ್ಳುವಂತೆ ನಡೆಸಬೇಕೆಂಬುದು ನಮ್ಮ ಕಸುಬಿನ ಮೊದಲ ನಿಯಮ. ಜೋಡಿ ಲೈನನ್ನು ಕೆಲಸಕ್ಕೆ ಬಿಟ್ಟುಕೊಟ್ಟ ದಿನವೇ ಆ ಮಿಗುಲು, ಅಂದರೆ ನಾವು ಮಾರ್ಜಿನ್ ಎನ್ನುವುದು, ಖರ್ಚಾಗಿ ಹೋಗಿತ್ತು. ಆ ಮೇಲೆ ನಡೆಸಿದ್ದೆಲ್ಲ ಸಾಲದ ಮೇಲೆ ನಡೆಸಿದ ಸಂಸಾರ. ಜಾಲದ ಹರಿವನ್ನು ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ರಾಜ್ಯಗಳಿಗೆ ಹೊರೆ ಇಳಿಸಿರೆಂದು ಹೇಳದೆ ಇರಲಿಲ್ಲ. ಆದರೆ ಹೇಳುವ ಬಾಯಿ ಇತ್ತೇ ಹೊರತು ಹೇಳಿದ್ದು ನಡೆಯುವಂತೆ ಮಾಡುವ ಕೈ ಇರಲಿಲ್ಲ. ಹೆಚ್ಚು ಎಳೆದವರಿಗೆ ದಂಡವಿತ್ತು. ಆದರೆ ಊರಿನವರ ಬೈಗುಳಕ್ಕಿಂತ ದಂಡ ಅಗ್ಗವಾಗಿ ಕಂಡಾಗ ಅದು ದಂಡವಾಗಿ ಉಳಿಯದೆ ಬೆಲೆಯಾಗಿಬಿಡುತ್ತದೆ. ನನ್ನನ್ನು ಕೇಳಿದರೆ, ಹೆಚ್ಚು ಎಳೆದ ರಾಜ್ಯಕ್ಕಿಂತ ಹೆಚ್ಚಿನ ಹೊಣೆ ಈ ಏರ್ಪಾಟಿನದು.

ಪ್ರಶ್ನೆ: ಆ ದಿನ ನಮ್ಮ ಕರ್ನಾಟಕಕ್ಕೆ ಏನೂ ಆಗಲಿಲ್ಲ. ಆಮೇಲೆ ನಮ್ಮ ರಾಯಚೂರಿನಿಂದಲೇ ಸೊಲ್ಲಾಪುರಕ್ಕೆ ಲೈನ್ ಎಳೆದು ದಕ್ಷಿಣವನ್ನೂ ಆ ಜಾಲಕ್ಕೆ ಕಟ್ಟಿದರು. ಉಳಿದುಕೊಂಡದ್ದನ್ನು ತಂದು ಬೆಂಕಿಗೆ ಹತ್ತಿರ ಇಟ್ಟಂತಾಗಲಿಲ್ಲವೇ?
— ಹತ್ತಿ ವ್ಯಾಪಾರಿ, ರಾಯಚೂರು

ಉತ್ತರ: ದಕ್ಷಿಣದ ಜಾಲ ಆಗ ಹೊರಗಿನಿಂದ ವಿದ್ಯುತ್ ಪಡೆಯುತ್ತಲೇ ಇತ್ತು, ಆದರೆ ಪಡೆಯುವ ರೀತಿ ಬೇರೆ ಇತ್ತು. ಎರಡು ಕೆರೆಗಳನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ನಡುವೆ ಕಾಲುವೆ ಕಡಿದರೆ ಎರಡರ ಮಟ್ಟವೂ ಒಂದೇ ಆಗಿ, ಒಂದರ ಏರಿ ಒಡೆದರೆ ಇನ್ನೊಂದೂ ಬರಿದಾಗುತ್ತದೆ. ಪಂಪ್ ಇಟ್ಟು ಪೈಪಿನಲ್ಲಿ ನೀರು ಹಾಯಿಸಿದರೆ ಮಟ್ಟಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಆ ಕಡೆಯ ಕೆರೆ ಒಡೆದರೆ ಈ ಕಡೆಯವರಿಗೆ ಪಂಪಿನ ನೀರು ನಿಲ್ಲುತ್ತದೆ, ಅಷ್ಟೇ. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ 500 ಕೆ.ವಿ. ಡಿ.ಸಿ. (ಏಕಮುಖ ವಿದ್ಯುತ್) ಲೈನ್ ಈ ಎರಡನೆಯ ಬಗೆಯದು. ಜುಲೈ 31ರಂದು ಪೂರ್ವದ ಜಾಲ ಬಿದ್ದಾಗ ದಕ್ಷಿಣಕ್ಕೆ ಬರುತ್ತಿದ್ದ ಆ ಪಾಲು ತಪ್ಪಿತು, ಆವರ್ತನ ಇಳಿಯಿತು, ಕೆಲವು ಫೀಡರ್‌ಗಳು ತಾವಾಗಿ ಕಡಿತಗೊಂಡವು, ಉಳಿದದ್ದು ನಿಂತಿತು. ಏನೂ ಆಗಲಿಲ್ಲ ಎಂದು ನೀವು ಬರೆದಿದ್ದೀರಿ. ಆಗಬೇಕಾದಷ್ಟು ಆಯಿತು, ಅದಕ್ಕಿಂತ ಹೆಚ್ಚು ಆಗಲಿಲ್ಲ ಎಂದು ನಾನು ತಿದ್ದುತ್ತೇನೆ.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನ್ ಮೂಲಕ ಕಾಲುವೆಯನ್ನೂ ಕಡಿದರು. ಅಂದಿನಿಂದ ಶರಾವತಿಯ ಟರ್ಬೈನೂ ಪಂಜಾಬಿನ ಟರ್ಬೈನೂ ಒಂದೇ ತಾಳಕ್ಕೆ ತಿರುಗುತ್ತಿವೆ. ಇದರಿಂದ ಅಪಾಯ ಹೆಚ್ಚಿತೋ ಕಡಿಮೆಯಾಯಿತೋ ಎಂದರೆ, ಅದರ ಸ್ವರೂಪ ಬದಲಾಯಿತು ಎನ್ನಬೇಕಾಗುತ್ತದೆ. ನಿಮ್ಮ ಊರಿನ ಪಕ್ಕದ ಯರಮರಸ್‌ನಲ್ಲಿ 800 ಮೆಗಾವಾಟಿನ ಒಂದು ಯೂನಿಟ್ ಹಠಾತ್ತನೆ ನಿಂತರೆ, ದಕ್ಷಿಣವೊಂದೇ ಇದ್ದ ಕಾಲದಲ್ಲಿ ಅದರ ಪೆಟ್ಟು ಎಲ್ಲ ಕಡೆ ಗೊತ್ತಾಗುತ್ತಿತ್ತು. ಇಂದು ಇಡೀ ದೇಶದ ಹೆಗಲು ಸೇರಿ ಅದನ್ನು ಹೊರುವುದರಿಂದ ಮುಳ್ಳು ಕದಲಿದ್ದೂ ತಿಳಿಯುವುದಿಲ್ಲ. ವರ್ಷಕ್ಕೆ ಹಲವು ಬಾರಿ ಬರುತ್ತಿದ್ದ ಸಣ್ಣ ಕಷ್ಟಗಳು ಕರಗಿ, ಅಪರೂಪಕ್ಕೆ ಬರಬಹುದಾದ ದೊಡ್ಡದೊಂದು ಉಳಿಯಿತು. ಆ ದೊಡ್ಡದನ್ನು ದೂರವಿಡಲು 2014ರ ಫೆಬ್ರುವರಿಯಿಂದ ಆವರ್ತನದ ಮಿತಿಯನ್ನು 49.90ರಿಂದ 50.05 ಹರ್ಟ್ಸ್‌ಗೆ ಬಿಗಿಗೊಳಿಸಿದರು. 2012ರ ಆ ರಾತ್ರಿಯ 49.68 ಇಂದಿನ ಕಣ್ಣಿಗೆ ಕೆಂಪು ದೀಪ. ಮುಖ್ಯ ಲೈನ್ ಹೋದರೆ ಮುಂದೇನಾಗುತ್ತದೆಂದು ಕಾಯದೆ ಆ ಕ್ಷಣವೇ ಗೊತ್ತುಮಾಡಿದಷ್ಟು ಉತ್ಪಾದನೆಯನ್ನೋ ಹೊರೆಯನ್ನೋ ಇಳಿಸುವ ವಿಶೇಷ ರಕ್ಷಣಾ ವ್ಯವಸ್ಥೆಗಳೂ ಇವೆ. ಸಂಪರ್ಕವನ್ನು ನಾನು ಒಪ್ಪುತ್ತೇನೆ, ಆದರೆ ಕಾಲುವೆ ಕಡಿದವರು ಅದಕ್ಕೊಂದು ತೂಬಿನ ಬಾಗಿಲು ಇಟ್ಟು, ಆ ಬಾಗಿಲು ತುಕ್ಕು ಹಿಡಿದಿಲ್ಲವೆಂದು ಆಗಾಗ ಎತ್ತಿಳಿಸಿ ನೋಡುತ್ತಿದ್ದರೆ ಮಾತ್ರ.

ಪ್ರಶ್ನೆ: ಬಾಗಿಲಿನ ಮಾತು ಬಂದರೆ ನಮಗೆ ನೆನಪಾಗುವುದು ತುಂಗಭದ್ರೆಯ 19ನೇ ಗೇಟ್. ಒಂದು ಚೈನ್ ತುಂಡಾದದ್ದಕ್ಕೆ ಅಷ್ಟು ನೀರು ಹೋಯಿತು. ಅದೂ ಇದೇ ಬಗೆಯ ಅಪಾಯವೇ?
— ಭತ್ತದ ರೈತ, ಹೊಸಪೇಟೆ ತಾಲ್ಲೂಕು

ಉತ್ತರ: ಮೇಲುನೋಟಕ್ಕೆ ಅಲ್ಲ. ಬೀನಾದಲ್ಲಿ ಏನೂ ಮುರಿಯದೆ ಜಾಲ ಬಿದ್ದಿತು. 2024ರ ಆಗಸ್ಟ್ 10ರ ರಾತ್ರಿ ನಿಮ್ಮಲ್ಲಿ ಚೈನೇ ತುಂಡಾಗಿ, 60 ಅಡಿ ಅಗಲ 20 ಅಡಿ ಎತ್ತರದ ಗೇಟ್ ಕೊಚ್ಚಿಹೋಯಿತು. 1953ರಿಂದ ನೀರು ತಡೆದು ನಿಂತ ಅಣೆಕಟ್ಟಿನಲ್ಲಿ ಒಂದು ಕೊಂಡಿ ಸವೆಯುವುದು ಸೋಜಿಗವಲ್ಲ. ಒಂದು ಹೋದಾಗ ಅದರ ಜಾಗಕ್ಕೆ ನಿಲ್ಲುವುದು ಯಾವುದು ಎಂಬ ಪ್ರಶ್ನೆ ಮಾತ್ರ ಎರಡಕ್ಕೂ ಒಂದೇ. ಅನೇಕ ಅಣೆಕಟ್ಟುಗಳಲ್ಲಿ ಗೇಟಿನ ಮುಂದೆ ಕಂಬಗಳಲ್ಲಿ ಉದ್ದನೆಯ ಜಾಡು ಕೊರೆದಿರುತ್ತಾರೆ. ಗೇಟ್ ಕೆಟ್ಟರೆ ಆ ಜಾಡಿನೊಳಗೆ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆಯಬಹುದು. ತುಂಗಭದ್ರೆಯ ನೆತ್ತಿಯ ಮೇಲಿನ ಈ ಕ್ರೆಸ್ಟ್ ಗೇಟ್‌ಗಳಿಗೆ ಆ ಏರ್ಪಾಟು ಇರಲಿಲ್ಲ. ಹಾಗಾಗಿ ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ತೆರೆದು, ತುಂಬಿದ್ದ 105 ಟಿ.ಎಂ.ಸಿ.ಯಲ್ಲಿ ಎಷ್ಟು ಉಳಿಯುತ್ತದೆಂದು ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದು ಕೂರಬೇಕಾಯಿತು.

ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನಾಲ್ಕು ಅಡಿ ಎತ್ತರದ ಹಲಗೆಗಳನ್ನು ದಿನಗಳಲ್ಲಿ ತಯಾರಿಸಿ, ನೀರು ಪೂರ್ತಿ ಇಳಿಯುವುದನ್ನು ಕಾಯದೆ ಹರಿಯುವ ನೀರಿನಲ್ಲೇ ಇಳಿಸಿದ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಆಗಸ್ಟ್ 17ರ ಹೊತ್ತಿಗೆ ನೀರು ನಿಂತಿತು. ಆದರೆ ಕಸುಬಿನವನಾಗಿ ಒಂದು ಮಾತು ಸೇರಿಸಬೇಕು: ಅದೇ ಹಲಗೆಗಳು ಎಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಗೋದಾಮಿನಲ್ಲಿ ಬಿದ್ದಿದ್ದರೆ, ಪ್ರತಿ ವರ್ಷದ ಆಡಿಟ್‌ನಲ್ಲೂ ‘ಬಳಕೆಯಾಗದ ಸಾಮಗ್ರಿ’ ಎಂಬ ಷರಾ ಬರೆಸಿಕೊಳ್ಳುತ್ತಿದ್ದವು. ಮಿಗುಲನ್ನು ಇಟ್ಟುಕೊಳ್ಳುವುದೆಂದರೆ ಆ ಷರಾವನ್ನು ವರ್ಷ ವರ್ಷವೂ ಸಹಿಸಿಕೊಳ್ಳುವುದು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿದ್ದೇನೆ. ನಮ್ಮಲ್ಲಿ ಎಲ್ಲ ಅಪಾಯಗಳನ್ನೂ ಒಂದು ರಿಜಿಸ್ಟರ್‌ನಲ್ಲಿ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ ಇಡುತ್ತೇವೆ. ಪ್ರತಿ ತಿಂಗಳು ಸಭೆ ಮಾಡುತ್ತೇವೆ. ಇದು ಸಾಕೇ?
— ಓದುಗ, ಜಯನಗರ

ಉತ್ತರ: ನಾನು ಹೊಸದಾಗಿ ಸೇರಿದ ಒಂದು ಸ್ವೀಕರಣಾ ಕೇಂದ್ರದಲ್ಲಿ 55 ಸೆಲ್‌ಗಳ ಬ್ಯಾಟರಿ ಕೋಣೆಯಿತ್ತು. ಹೊರಗಿನ ಕರೆಂಟ್ ಪೂರ್ತಿ ಹೋದರೂ ಬ್ರೇಕರ್ ತೆರೆಯಲು ಬೇಕಾದ ಶಕ್ತಿ ಈ ಬ್ಯಾಟರಿಯಿಂದಲೇ ಬರಬೇಕು. ಹೈಡ್ರೊಮೀಟರ್ ಅದ್ದಿ ಪ್ರತಿ ಸೆಲ್ಲಿನ ಆಮ್ಲದ ಸಾಂದ್ರತೆ ನೋಡಿ ಬರೆಯುವ ಪುಸ್ತಕವೊಂದಿತ್ತು. ತೆರೆದು ನೋಡಿದರೆ ಐವತ್ತೈದು ಸೆಲ್‌ಗಳಿಗೂ 1200, ಹಿಂದಿನ ವಾರವೂ 1200, ಅದರ ಹಿಂದಿನ ವಾರವೂ 1200; ಒಂದೇ ಇಂಕು, ಒಂದೇ ಕೈಬರಹ. ನಿಜವಾದ ಬ್ಯಾಟರಿ ಹಾಗಿರುವುದಿಲ್ಲ, ಒಂದು 1195 ತೋರಿಸಿದರೆ ಪಕ್ಕದ್ದು 1205 ತೋರಿಸುತ್ತದೆ. ನಾನು ಹೈಡ್ರೊಮೀಟರ್ ಎಲ್ಲಿ ಎಂದು ಕೇಳಿದೆ. ಅದು ಒಡೆದು ತಿಂಗಳುಗಳಾಗಿದ್ದವು. ಹೊಸದಕ್ಕೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಬೇಕೆಂದು ನಾನೂ ಬರೆದಿಟ್ಟುಕೊಂಡೆ, ಹಾಕುವುದು ಮಾತ್ರ ಒಂದು ವಾರ ತಡವಾಯಿತು. ಆ ವಾರದಲ್ಲೇ ಮಳೆಯ ಒಂದು ರಾತ್ರಿ 11 ಕೆ.ವಿ. ಫೀಡರ್‌ನಲ್ಲಿ ದೋಷ ಬಂದಾಗ ರಿಲೇ ಆದೇಶ ಕೊಟ್ಟಿತು, ಬ್ಯಾಟರಿಗೆ ಬ್ರೇಕರ್ ಎಳೆಯುವ ತ್ರಾಣ ಇರಲಿಲ್ಲ, ಮೇಲಿನ ಕೇಂದ್ರದ ಬ್ರೇಕರ್ ತೆರೆದು ಒಂದು ಫೀಡರ್ ಬದಲು ಇಡೀ ತಾಲ್ಲೂಕು ಕತ್ತಲಾಯಿತು. ಆ ವಾರದ ತಡ ನನ್ನದು. ಅದನ್ನು ಇಂದಿಗೂ ಬೇರೆಯವರ ಲೆಕ್ಕಕ್ಕೆ ಹಾಕಲಾರೆ.

ನಿಮ್ಮ ರಿಜಿಸ್ಟರ್‌ನ ಹಸಿರು ಬಣ್ಣ ಆ 1200 ಆಗಿರಬಾರದು. ಆ ಬಣ್ಣವನ್ನು ಯಾರು, ಯಾವಾಗ, ಏನನ್ನು ಮಾಡಿ ನೋಡಿ ಹಚ್ಚಿದರು ಎಂದು ಪಕ್ಕದಲ್ಲಿ ಬರೆದಿರಬೇಕು. ಬ್ಯಾಕಪ್ ಇದೆ ಎಂಬ ಸಾಲಿಗಿಂತ, ಕಳೆದ ತಿಂಗಳು ಬ್ಯಾಕಪ್‌ನಿಂದ ಮರಳಿ ತುಂಬಿಸಿ ನೋಡಿದೆವು, ಇಷ್ಟು ಗಂಟೆ ಹಿಡಿಯಿತು ಎಂಬ ಸಾಲಿಗೆ ಬೆಲೆ ಹೆಚ್ಚು. ಇನ್ನೊಂದು ಸಂಗತಿ ನಿಮ್ಮ ಕ್ಷೇತ್ರದ್ದೇ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಸಾಫ್ಟ್‌ವೇರ್ ಒದಗಿಸುವ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟ್ ಹೊರಬಿದ್ದು ವಾಪಸಾಗುವ ನಡುವೆ ಇದ್ದದ್ದು 78 ನಿಮಿಷ. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅಪ್‌ಡೇಟ್ ವಾಪಸಾದರೂ ನಿಂತ ಯಂತ್ರಗಳು ತಾವಾಗಿ ಏಳಲಿಲ್ಲ, ಸಿಬ್ಬಂದಿ ಒಂದೊಂದರ ಮುಂದೆಯೂ ಹೋಗಿ ಕೂರಬೇಕಾಯಿತು. ಅದೇ ಅಪ್‌ಡೇಟನ್ನು ಮೊದಲು ಕೆಲವು ಸಾವಿರ ಯಂತ್ರಗಳಿಗೆ ಮಾತ್ರ ಕೊಟ್ಟು ಒಂದು ಗಂಟೆ ಕಾದಿದ್ದರೆ ಪೆಟ್ಟು ಅಷ್ಟಕ್ಕೇ ನಿಲ್ಲುತ್ತಿತ್ತು. ಅಡುಗೆಯವರು ಒಂದು ಅಗುಳು ಹಿಚುಕಿ ನೋಡಿಯೇ ಅನ್ನ ಬಸಿಯುವುದು.

ಪ್ರಶ್ನೆ: 2020ರ ಏಪ್ರಿಲ್ 5ರಂದು ದೇಶವೆಲ್ಲ ಒಂಬತ್ತು ನಿಮಿಷ ದೀಪ ಆರಿಸಿದಾಗ ಜಾಲ ಬೀಳುತ್ತದೆಂದು ಹೆದರಿಸಿದ್ದರು. ಬೀಳಲಿಲ್ಲ. ಹೆದರಿಕೆ ಸುಳ್ಳಾಗಿತ್ತೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹೆದರಿದ್ದರಿಂದಲೇ ಬೀಳಲಿಲ್ಲ. ಹೊರೆ 12ರಿಂದ 14 ಸಾವಿರ ಮೆಗಾವಾಟ್ ಇಳಿಯಬಹುದೆಂದು ಅಂದಾಜಿಸಿದ್ದರು, ಇಳಿದದ್ದು ಸುಮಾರು 31,000. ಅಂದಾಜು ಅರ್ಧಕ್ಕರ್ಧ ತಪ್ಪಿದರೂ, ಅದಕ್ಕಿಂತ ಹೆಚ್ಚಿಗೆ ಸಿದ್ಧರಾಗಿದ್ದುದರಿಂದ ಜಲವಿದ್ಯುತ್ ಕೇಂದ್ರಗಳು ನಿಮಿಷಗಳಲ್ಲಿ ಉತ್ಪಾದನೆ ಇಳಿಸಿ ಮತ್ತೆ ಏರಿಸಿದವು. ಕಲ್ಲಿದ್ದಲ ಬಾಯ್ಲರ್‌ನಿಂದ ಆ ಚುರುಕು ಸಾಧ್ಯವಿಲ್ಲ. ಆ ರಾತ್ರಿ ಪಾಳಿಯಲ್ಲಿದ್ದವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನಡೆಯದ ಅವಘಡಕ್ಕೆ ವರದಿಗಾರರು ಬರುವುದಿಲ್ಲವಷ್ಟೆ.

ಪ್ರಶ್ನೆ: ನಮ್ಮ ಯಜಮಾನರು ಲೈನ್‌ಮನ್. ಮಳೆಗಾಲದಲ್ಲಿ ಜನ ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಾರೆ, ಆಗ ಅವರು ಎಲ್.ಸಿ.ಗೆ ಕಾಯದೆ ಕಂಬ ಹತ್ತುತ್ತಾರೇನೋ ಎಂದು ನನಗೆ ಭಯ. ನಿಯಮವೆಲ್ಲ ಕಾಗದದಲ್ಲೇ ಇರುತ್ತದೆಯೇ? ಇನ್ನೊಂದು, ಕರೆಂಟ್ ಬಂದ ತಕ್ಷಣ ಮತ್ತೆ ಹೋಗುವುದೇಕೆ? ಆಗಲೂ ಬೈಗುಳ ಇವರಿಗೇ.
— ಓದುಗಿ, ತರೀಕೆರೆ

ಉತ್ತರ: ತಾಯಿ, ಈ ತಿಂಗಳ ಪತ್ರಗಳಲ್ಲಿ ಹೆಚ್ಚು ತೂಕದ್ದು ನಿಮ್ಮದು. ಓದುಗರಿಗಾಗಿ ಹೇಳುವುದಾದರೆ, ಎಲ್.ಸಿ. ಅಂದರೆ ಲೈನ್ ಕ್ಲಿಯರ್: ಈ ಲೈನ್ ಬಂದ್ ಆಗಿದೆ, ನೀನು ಕೆಲಸ ಮಾಡಬಹುದು ಎಂದು ಸ್ಟೇಷನ್ನಿನವರು ಹೆಸರು, ಸಮಯ, ಸಂಖ್ಯೆ ಬರೆದು ಕೊಡುವ ಮಾತು. ಅದನ್ನು ಯಾರು ತೆಗೆದುಕೊಂಡರೋ ಅವರೇ ಹಿಂದಿರುಗಿಸಬೇಕು; ಅವರ ಪರವಾಗಿ ಇನ್ನೊಬ್ಬರು ಫೋನ್ ಮಾಡಿದರೆ ಎಷ್ಟೇ ಪರಿಚಿತರಾದರೂ ಲೈನ್ ಚಾರ್ಜ್ ಮಾಡಕೂಡದು, ಅಂದರೆ ಅದಕ್ಕೆ ಮತ್ತೆ ಕರೆಂಟ್ ಹರಿಸಕೂಡದು. ಎಲ್.ಸಿ. ಸಿಕ್ಕ ಮೇಲೂ ಸ್ವಿಚ್ ಕಣ್ಣಾರೆ ತೆರೆದಿದೆಯೆಂದು ನೋಡಿ, ಕೆಲಸದ ಜಾಗದ ಎರಡೂ ಬದಿಗೆ ಲೈನನ್ನು ನೆಲಕ್ಕೆ ಜೋಡಿಸುವ ಅರ್ತ್ ರಾಡ್ ಹಾಕಬೇಕು. ಎರಡೂ ಬದಿಗೆ ಏಕೆಂದರೆ, ಊರಿನ ಯಾವುದೋ ಅಂಗಡಿಯವರು ಜನರೇಟರ್ ಶುರುಮಾಡಿ ಮೇನ್ ಸ್ವಿಚ್ ಬದಲಿಸಲು ಮರೆತರೆ, ಸತ್ತಿದೆ ಎಂದುಕೊಂಡ ಲೈನಿಗೆ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಿನಿಂದ ಜೀವ ಬರುತ್ತದೆ. ರಾಡ್ ಹಾಕಲು ಕಾಲು ಗಂಟೆ ಬೇಕು. ಆ ಕಾಲು ಗಂಟೆಯನ್ನು ಬೈಸಿಕೊಂಡಾದರೂ ತೆಗೆದುಕೊಳ್ಳುವ ಅಧಿಕಾರ ನಿಮ್ಮ ಯಜಮಾನರದು, ಮೇಲಿನವರೂ ಅದನ್ನು ಕಿತ್ತುಕೊಳ್ಳುವಂತಿಲ್ಲ. ಸಾಧ್ಯವಾದರೆ ಮಳೆಗಾಲದಲ್ಲಿ ಅವರ ಕೆಲಸದ ಫೋನಿಗೆ ಸಾರ್ವಜನಿಕರ ಕರೆಗಳು ಬಾರದಂತೆ ಸೆಕ್ಷನ್ ಆಫೀಸಿನಲ್ಲಿ ಇನ್ನೊಬ್ಬರನ್ನು ಕೂರಿಸಲು ಕೇಳಲಿ. ಹಾಗೆ ಮಾಡಿದ ಕಡೆ ಕೆಲಸ ಬೇಗವೇ ಮುಗಿದದ್ದನ್ನು ಕಂಡಿದ್ದೇನೆ.

ಎರಡನೆಯ ಪ್ರಶ್ನೆಗೆ ಉತ್ತರ ನಿಮ್ಮ ಸುತ್ತಲ ತೋಟಗಳಲ್ಲೇ ಇದೆ. ರೈತರು ರಾತ್ರಿ ಎದ್ದು ಹೋಗಲಾರದೆ ಪಂಪ್‌ಸೆಟ್‌ಗೆ ಆಟೊ ಸ್ಟಾರ್ಟರ್ ಹಾಕಿಸಿರುತ್ತಾರೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಫೀಡರ್ ಚಾರ್ಜ್ ಮಾಡಿದ ಕ್ಷಣ ಆ ಎಲ್ಲ ಮೋಟರ್‌ಗಳೂ, ಜೊತೆಗೆ ಊರಿನ ಫ್ರಿಜ್‌ಗಳೂ ಒಟ್ಟಿಗೆ ಎದ್ದರೆ, ರಿಲೇ ಅದನ್ನು ದೋಷವೆಂದು ಓದಿ ಮತ್ತೆ ಕಡಿಯುತ್ತದೆ. ಬೀನಾದಲ್ಲಿ ಆದದ್ದರ ಸಣ್ಣ ತಮ್ಮ ಇದು. ಆಟೊ ಸ್ಟಾರ್ಟರ್ ಒಳಗೆ ಟೈಮರ್ ಹಾಕಿ, ಒಬ್ಬರು ಎರಡು ನಿಮಿಷ, ಪಕ್ಕದವರು ನಾಲ್ಕು, ಅವರ ಆಚೆಯವರು ಆರು ಎಂದು ಹಂಚಿಕೊಂಡರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. ನಿಮ್ಮ ಮನೆಯಲ್ಲಿ ಕರೆಂಟ್ ಹೋದ ಕೂಡಲೇ ಫ್ರಿಜ್, ಮೋಟರ್ ಸ್ವಿಚ್ಚುಗಳನ್ನು ಆರಿಸಿ, ಬಂದದ್ದು ತಿಳಿಯಲು ಒಂದು ಬಲ್ಬಿನ ಸ್ವಿಚ್ ಮಾತ್ರ ಹಾಕಿಡಿ. ಅದು ಹೊತ್ತಿ ಹತ್ತು ನಿಮಿಷವಾದ ಮೇಲೆ ಉಳಿದವನ್ನು ಒಂದೊಂದಾಗಿ ಹಾಕಿ.